ಯಂತ್ರಲೋಕ: ಉಳಿಗೆ ದಾರಿ ತೋರುವ ವಿದ್ಯೆ

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಕಡೆಯವರು ಆನವಟ್ಟಿಗೆ ಹೋದಾಗ ಪಕ್ಕದ ಕುಬಟೂರಿನ ಕೈಟಭೇಶ್ವರ ದೇವಾಲಯವನ್ನು ಒಮ್ಮೆಯಾದರೂ ಹೊಕ್ಕು ಬರುತ್ತಾರೆ. ಹೊಕ್ಕವರು ಮಂಟಪದ ಕಂಬಗಳನ್ನು ಕೈಯಿಂದ ಸವರಿ ನೋಡದೆ ಹಿಂದಿರುಗುವುದು ಅಪರೂಪ. ಸುಮಾರು 1100ರ ವೇಳೆಗೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಎದ್ದುನಿಂತ ಆ ಕಂಬಗಳು ಕಲ್ಲಿನವೋ ಮರದವೋ ಎಂಬ ಭ್ರಮೆ ಹುಟ್ಟಿಸುವಷ್ಟು ನುಣುಪಾಗಿವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರದಲ್ಲಿಯೂ ಇಂಥವೇ ಕಂಬಗಳುಂಟು. ಕಡೆದ ಕಂಬದ ಸೊಬಗಿನ ಗುಟ್ಟು ಸರಳವಾದುದು: ವಸ್ತು ತನ್ನ ನಡುಗೆರೆಯ ಸುತ್ತ ತಿರುಗುತ್ತಿರಬೇಕು, ಉಳಿ ಮೇಲೆ ಕೆಳಗೆ ಸರಿಯುತ್ತ, ಬೇಕಾದಲ್ಲಿ ಒಳಕ್ಕೆ ಹೊಕ್ಕು, ಬೇಕಾದಲ್ಲಿ ಹೊರಕ್ಕೆ ಬರಬೇಕು.

ಆದರೆ ಕಂಬಕ್ಕೆ ಸಾಲುವ ವಿದ್ಯೆ ವಿಗ್ರಹಕ್ಕೆ ಸಾಲದು. ಸೊರಬ, ಸಾಗರಗಳ ಗುಡಿಗಾರರು ಗಂಧದ ಕೊರಡಿನಲ್ಲಿ ದೇವಿಯ ಮುಖವನ್ನು ಕೆತ್ತುವಾಗ ಉಳಿಯ ಮೊನೆ ಒಂದೊಂದು ಗಳಿಗೆಗೆ ಒಂದೊಂದು ದಿಕ್ಕಿಗೆ ಓರೆಯಾಗುತ್ತದೆ. ಮೂಗಿನ ಪಕ್ಕಕ್ಕೆ ಒಂದು ಓರೆ, ಕಿವಿಯೋಲೆಯ ಹಿಂಬದಿಗೆ ಇನ್ನೊಂದು. ಬಲಗೈ ಉಳಿಯನ್ನು ಹೊರಳಿಸುತ್ತಿದ್ದರೆ ಎಡಗೈ ಕೊರಡನ್ನು ಹೊರಳಿಸುತ್ತದೆ. ಇಂದಿನ ಕಾರ್ಖಾನೆಗಳಲ್ಲಿ ಬಹು ಅಕ್ಷಗಳ ಸಿ.ಎನ್.ಸಿ. ಯಂತ್ರವೆಂದು ಕರೆಯಿಸಿಕೊಳ್ಳುವುದು ಈ ಎರಡು ಕೈಗಳ ಹೊಂದಾಣಿಕೆಯನ್ನು ಲೋಹದಲ್ಲಿ ಸಾಧಿಸಲು ಹೊರಟ ಯಂತ್ರವೇ ಹೊರತು ಬೇರೆಯಲ್ಲ.

ಕುಪ್ಪಗಡ್ಡೆಯಿಂದ ಬೆಂಗಳೂರಿಗೆ ಹೋಗಿ, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ದುಡಿಯುತ್ತಿರುವ ತರುಣನೊಬ್ಬನನ್ನು ಓದುಗರು ಕಲ್ಪಿಸಿಕೊಳ್ಳಲಿ. ಮೂರು ವರ್ಷ ಮೂರು ಅಕ್ಷಗಳ ಯಂತ್ರದಲ್ಲಿ ಕೈ ಪಳಗಿದೆ. ಈಗ ಯಜಮಾನರು ಬ್ಯಾಂಕಿನ ಸಾಲ ಮಾಡಿ ಐದು ಅಕ್ಷಗಳ ಯಂತ್ರವೊಂದನ್ನು ತಂದು ನಿಲ್ಲಿಸಿದ್ದಾರೆ. ಪಂಪಿನ ಎಲೆಚಕ್ರವೊಂದನ್ನು, ಅಂದರೆ ಇಂಪೆಲ್ಲರನ್ನು, ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆದು ತೆಗೆಯುವ ಪ್ರೋಗ್ರಾಂ ಬರೆಯುವ ಹೊಣೆ ಈತನ ಪಾಲಿಗೆ ಬಂದಿದೆ. ಮೂರು ಅಕ್ಷಗಳ ಯಂತ್ರದಲ್ಲಿ ಲೆಕ್ಕ ತಪ್ಪಿದರೆ ಸಾಮಾನ್ಯವಾಗಿ ಒಂದು ಕಟ್ಟರ್ ಮುರಿದೀತು. ಇಲ್ಲಿ ಒಂದು ಋಣಚಿಹ್ನೆ ತಪ್ಪಿದರೂ ಮೇಜು ತಿರುಗಿ ಬಂದು ಸ್ಪಿಂಡಲ್ಲಿಗೆ ಅಪ್ಪಳಿಸಬಹುದು. ವಾರಗಟ್ಟಲೆ ಯಂತ್ರ ನಿಂತು, ಸಾಲದ ಕಂತು ಮಾತ್ರ ನಿಲ್ಲದೆ ಓಡಬಹುದು. ಹೀಗಿರಲು ಆ ತರುಣನಿಗೆ ನಿದ್ದೆ ಬಾರದಿದ್ದರೆ ಆಶ್ಚರ್ಯವೇನು? ಅಂಥವರಿಗಾಗಿಯೇ ಈ ವಾರದ ಮಾತು.

ಅಕ್ಷವೆಂದರೇನು?

ಎಡಬಲದ ಚಲನೆ ಎಕ್ಸ್, ಹಿಂದುಮುಂದಿನದು ವೈ, ಮೇಲುಕೆಳಗಿನದು ಝಡ್. ಈ ಮೂರು ಗೆರೆಗಳ ಸುತ್ತ ತಿರುಗುವ ಚಲನೆಗಳಿಗೆ ಕ್ರಮವಾಗಿ ಎ, ಬಿ, ಸಿ ಎಂದು ಹೆಸರು. ಮೂರು ಸರಳ ಚಲನೆಗಳಿಗೆ ಎರಡು ತಿರುಗು ಚಲನೆಗಳು ಸೇರಿದರೆ ಐದು ಅಕ್ಷಗಳು. ಕೆಲವು ಯಂತ್ರಗಳಲ್ಲಿ ಮೇಜು ತೊಟ್ಟಿಲಿನಂತೆ ವಾಲಿ, ತಟ್ಟೆಯಂತೆ ತಿರುಗುತ್ತದೆ. ಕೆಲವದರಲ್ಲಿ ಸ್ಪಿಂಡಲ್ಲಿನ ತಲೆಯೇ ವಾಲುತ್ತದೆ. ಮಾಡುವ ಕೆಲಸ ಒಂದೇ ಆದರೂ ಒಂದರ ಪ್ರೋಗ್ರಾಂ ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದನ್ನು ಮೊದಲೇ ನೆನಪಿನಲ್ಲಿಡಬೇಕು.

ಅಂಕಿಗಳ ಆಜ್ಞೆಗೆ ನಡೆಯುವ ಯಂತ್ರದ ಚರಿತ್ರೆ ಬಹಳ ಹಳೆಯದೇನಲ್ಲ. ಹೆಲಿಕಾಪ್ಟರಿನ ರೆಕ್ಕೆಗಳ ಅಚ್ಚುಪಟ್ಟಿಗಳನ್ನು ಕರಾರುವಾಕ್ಕಾಗಿ ಮಾಡುವ ದಾರಿ ಹುಡುಕುತ್ತಿದ್ದ ಜಾನ್ ಪಾರ್ಸನ್ಸ್ ಎಂಬ ಅಮೆರಿಕದ ಉದ್ಯಮಿಯ ಆಲೋಚನೆಯಿಂದ ಅದು ಮೊಳೆಯಿತು. 1952ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ರಂಧ್ರ ಕೊರೆದ ಪಟ್ಟಿಯನ್ನೋದಿ ಮೂರು ಅಕ್ಷಗಳಲ್ಲಿ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದರು. ಅದರ ಮರುವರ್ಷವೇ, 1953ರಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷೀನ್ ಟೂಲ್ಸ್ ಸ್ಥಾಪನೆಯಾಯಿತು. 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಕೇಂದ್ರ ಸಂಸ್ಥೆಯೊಂದು ಅದೇ ಊರಿನಲ್ಲಿ ನೆಲೆಯೂರಿತು. ಅಕ್ಷಗಳು ಹೆಚ್ಚಿದಂತೆ ಈ ವಿದ್ಯೆಗೆ ಎಂಥ ಬೆಲೆ ಬಂದಿತೆಂಬುದಕ್ಕೆ 1987ರ ಹಗರಣವೇ ಸಾಕ್ಷಿ. ಜಪಾನಿನ ತೋಷಿಬಾ ಮೆಷೀನ್ ಕಂಪನಿಯು ಒಂಬತ್ತು ಅಕ್ಷಗಳ ಯಂತ್ರಗಳನ್ನು, ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿಯು ಅವುಗಳ ನಿಯಂತ್ರಕಗಳನ್ನು ಸೋವಿಯತ್ ದೇಶಕ್ಕೆ ಮಾರಿದ್ದು ಬಯಲಾದಾಗ, ಜಲಾಂತರ್ಗಾಮಿಗಳ ಸದ್ದಡಗಿಸುವ ಚಾಲಕಪಂಖಗಳಿಗೆ ಅವು ನೆರವಾಗುವುವೆಂದು ಅಮೆರಿಕದಲ್ಲಿ ಕೋಲಾಹಲವೆದ್ದಿತು. ಬಾಗಿದ ಎಲೆಯೊಂದನ್ನು ನಿಖರವಾಗಿ ಕೊರೆಯಬಲ್ಲ ಸಾಮರ್ಥ್ಯ ರಾಷ್ಟ್ರಗಳ ಜಗಳಕ್ಕೂ ಕಾರಣವಾಗಬಲ್ಲದು.

ಎಲ್ಲ ಅಕ್ಷಗಳೂ ಕುಣಿಯಬೇಕಾಗಿಲ್ಲ

ಐದು ಅಕ್ಷಗಳ ಯಂತ್ರ ಕೈಗೆ ಬಂದೊಡನೆ ಐದನ್ನೂ ಒಟ್ಟಿಗೆ ಓಡಿಸುವ ಹುಮ್ಮಸ್ಸು ಹೊಸಬರಿಗೆ ಸಹಜ. ಆದರೆ ಈ ವಿದ್ಯೆಯ ಮೊದಲ ಪಾಠ ಅದಕ್ಕೆ ವಿರುದ್ಧವಾದುದು: ಲೋಹವನ್ನು ಕತ್ತರಿಸುತ್ತಿರುವಾಗ ಚಲಿಸುವ ಅಕ್ಷಗಳು ಎಷ್ಟು ಕಡಿಮೆಯೋ ಕೆಲಸ ಅಷ್ಟು ಕ್ಷೇಮ, ಅಷ್ಟು ನಿಖರ. ಚಲಿಸುವ ಪ್ರತಿಯೊಂದು ಅಕ್ಷವೂ ತನ್ನ ಪಾಲಿನ ಸಡಿಲವನ್ನೂ ದೋಷವನ್ನೂ ಕೆಲಸಕ್ಕೆ ಸೇರಿಸುತ್ತದೆ. ಬಿಗಿದು ನಿಲ್ಲಿಸಿದ ಅಕ್ಷವು ಬಂಡೆಯಂತೆ ಆಸರೆ ಕೊಡುತ್ತದೆ.

ಮಲೆನಾಡಿನಲ್ಲಿ ಅಡಿಕೆ ಹಾಳೆಯ ತಟ್ಟೆಗಳನ್ನು ಒತ್ತುವ ಅಚ್ಚನ್ನು ಯಾರೂ ನೋಡಿರದೆ ಇಲ್ಲ. ಅದರ ತಗ್ಗನ್ನು ಮೇಲಿನಿಂದ ನೋಡಿದರೆ ಅಂಚಿನಿಂದ ತಳದವರೆಗೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬಿದ್ದುದೆಲ್ಲ ಉಳಿಗೂ ಎಟಕುತ್ತದೆ. ಅದಕ್ಕೆ ಮೂರೇ ಅಕ್ಷಗಳು ಸಾಕು. ಇನ್ನೊಂದು ಬಗೆಯ ಕೆಲಸದಲ್ಲಿ ನಾಲ್ಕಾರು ಮುಖಗಳಲ್ಲಿ ಬೇರೆಬೇರೆ ಓರೆಯ ತೂತುಗಳಿರುತ್ತವೆ. ಅಲ್ಲಿ ಮೇಜನ್ನು ಬೇಕಾದ ಕೋನಕ್ಕೆ ತಿರುಗಿಸಿ, ಬಿಗಿದು, ಬಳಿಕ ಮೂರು ಅಕ್ಷಗಳಲ್ಲಿಯೇ ಕೊರೆಯಬೇಕು. ಕಾರ್ಖಾನೆಯವರ ಮಾತಿನಲ್ಲಿ ಇದು ‘ಮೂರು ಕೂಡಿಸು ಎರಡು’. ಇದಕ್ಕಾಗಿಯೇ ಫ್ಯಾನುಕ್ ನಿಯಂತ್ರಕದಲ್ಲಿ ಜಿ 68.2, ಸೀಮೆನ್ಸ್‌ನಲ್ಲಿ ಸೈಕಲ್ 800, ಹೈಡನ್‌ಹೈನ್‌ನಲ್ಲಿ ಪ್ಲೇನ್ ಸ್ಪೇಷಿಯಲ್ ಎಂಬ ಆಜ್ಞೆಗಳಿವೆ. ಐದೂ ಅಕ್ಷಗಳು ಏಕಕಾಲಕ್ಕೆ ಚಲಿಸಲೇಬೇಕಾದುದು ಮೂರನೆಯ ಬಗೆಯ ಕೆಲಸಕ್ಕೆ ಮಾತ್ರ. ಇಂಪೆಲ್ಲರಿನ ತಿರುಚಿದ ಎಲೆ ಅಂಥದು. ಅಲ್ಲಿಯೂ ಎಲೆಗಳ ನಡುವಿನ ಹೆಚ್ಚು ಲೋಹವನ್ನು ಕೋನ ಬಿಗಿದೇ ತೆಗೆದು, ಕಡೆಯ ನುಣುಪಿನ ಓಟಕ್ಕೆ ಮಾತ್ರ ಐದನ್ನೂ ಕರೆಯುವುದು ಜಾಣತನ.

ಮೊದಲು ಹಿಡಿತ, ಆಮೇಲೆ ಹೊಡೆತ

ಗಣಕದ ಮುಂದೆ ಕುಳಿತು ದಾರಿ ಗೀಚುವ ಮುನ್ನ, ಗಟ್ಟಿಯನ್ನು ಎಲ್ಲಿ, ಹೇಗೆ ಹಿಡಿಯುವುದೆಂದು ತೀರ್ಮಾನವಾಗಬೇಕು. ಮೇಜಿಗೆ ತಾಗಿಕೊಂಡಂತೆ ಹಿಡಿದರೆ ಸ್ಪಿಂಡಲ್ ಪಕ್ಕಕ್ಕೆ ವಾಲಲು ಎಡೆಯೇ ಇರದು. ಆದುದರಿಂದ ಗಟ್ಟಿಯನ್ನು ಪೀಠದ ಮೇಲೆ ಎತ್ತಿ ಕಟ್ಟಬೇಕು. ಆದರೆ ತಿರುಗುವ ಕೇಂದ್ರದಿಂದ ಬಹಳ ದೂರಕ್ಕೂ ಒಯ್ಯಕೂಡದು. ಮೇಜಿನ ಕೋನದಲ್ಲಿ ಒಂದು ಡಿಗ್ರಿಯ ನೂರರಲ್ಲೊಂದು ಪಾಲು ತಪ್ಪಿದೆಯೆನ್ನೋಣ. ಕೇಂದ್ರದಿಂದ 50 ಮಿಲಿಮೀಟರ್ ದೂರದಲ್ಲಿ ಅದು ಸುಮಾರು 0.009 ಮಿಲಿಮೀಟರ್ ತಪ್ಪಾಗಿ ಕಾಣಿಸಿಕೊಂಡರೆ, 200 ಮಿಲಿಮೀಟರ್ ದೂರದಲ್ಲಿ 0.035 ಮಿಲಿಮೀಟರ್ ಆಗುತ್ತದೆ. ಬೇರಿಂಗ್ ಕೂರಬೇಕಾದ ತೂತಿಗೆ ಇಷ್ಟು ತಪ್ಪು ಸಾಮಾನ್ಯವಾದುದಲ್ಲ. ತಿರುಗುವ ಕೇಂದ್ರ ಎಲ್ಲಿದೆಯೆಂಬುದನ್ನು ತಯಾರಕರ ಕಾಗದವನ್ನು ನಂಬಿ ಕೂರದೆ, ಆಗಾಗ ಅಳೆದು ನೋಡುವುದು ಒಳ್ಳೆಯ ಅಭ್ಯಾಸ.

ಗಿಡ್ಡ ಉಳಿಯ ಗೆಲುವು

ಆಳವಾದ ಗೋಡೆಯ ಬುಡಕ್ಕೆ ಮೇಲಿನಿಂದ ನೇರವಾಗಿ ಇಳಿಯಬೇಕಾದರೆ ಉದ್ದವಾದ ಕಟ್ಟರ್ ಬೇಕು. ಉದ್ದನೆಯ ಕಟ್ಟರ್ ಬಿದಿರುಗಳುವಿನಂತೆ ಬಾಗುತ್ತದೆ. ಹೋಲ್ಡರಿನಿಂದ ಹೊರಚಾಚಿದ ಉದ್ದ ಇಮ್ಮಡಿಯಾದರೆ ಅದೇ ಬಲಕ್ಕೆ ಬಾಗುವ ಪ್ರಮಾಣ ಇಮ್ಮಡಿಯಲ್ಲ, ಎಂಟು ಮಡಿ. ದಪ್ಪ ಅರ್ಧವಾದರೆ ಹದಿನಾರು ಮಡಿ. ಬಾಗಿದ ಕಟ್ಟರ್ ನಡುಗುತ್ತದೆ, ನಡುಗಿದ ಕಟ್ಟರ್ ಲೋಹದ ಮೈಮೇಲೆ ಅಲೆಗಳನ್ನು ಬಿಡುತ್ತದೆ. ಐದು ಅಕ್ಷಗಳ ನಿಜವಾದ ಲಾಭ ಇಲ್ಲಿದೆ. ತಲೆಯನ್ನು ಒಂದಿಷ್ಟು ವಾಲಿಸಿದರೆ ಹೋಲ್ಡರ್ ಗೋಡೆಯಿಂದ ದೂರ ಸರಿಯುತ್ತದೆ. 60 ಮಿಲಿಮೀಟರ್ ಚಾಚಬೇಕಾಗಿದ್ದ ಕಟ್ಟರನ್ನು 30ಕ್ಕೆ ಇಳಿಸಬಹುದು. ಯಂತ್ರ ವಾಲುವುದು ವಿಚಿತ್ರ ಆಕಾರಗಳಿಗಾಗಿ ಮಾತ್ರವೆಂದು ತಿಳಿದವರು ಈ ಲಾಭವನ್ನು ಕೈಬಿಡುತ್ತಾರೆ.

ಓರೆಯ ಮಹಿಮೆ

ಬಾಗಿದ ಮೈಗಳನ್ನು ನುಣುಪುಗೊಳಿಸುವುದು ದುಂಡುಮೂತಿಯ ಕಟ್ಟರಿನಿಂದ. ಆದರೆ ಇದರ ತುದಿಯ ನಟ್ಟನಡುವೆ ವೇಗವೆಂಬುದೇ ಇಲ್ಲ. ಬೀಸುವ ಕಲ್ಲಿನ ಗೂಟದಂತೆ ಅದು ನಿಂತಲ್ಲೇ ತಿರುಗುತ್ತದೆ. ಅಲ್ಲಿ ಲೋಹ ಕತ್ತರಿಸಿಹೋಗುವುದಿಲ್ಲ, ಉಜ್ಜಿಹೋಗುತ್ತದೆ. 10 ಮಿಲಿಮೀಟರಿನ ಕಟ್ಟರನ್ನು ನಿಮಿಷಕ್ಕೆ 200 ಮೀಟರ್ ವೇಗಕ್ಕೆಂದು ಲೆಕ್ಕ ಹಾಕಿ ನಿಮಿಷಕ್ಕೆ ಸುಮಾರು 6370 ಸುತ್ತು ಓಡಿಸಿದರೂ, ನೆಟ್ಟಗೆ ನಿಲ್ಲಿಸಿ 0.2 ಮಿಲಿಮೀಟರ್ ಆಳ ಮಾತ್ರ ತೆಗೆಯುವಾಗ ಲೋಹಕ್ಕೆ ತಾಗುವ ಭಾಗದ ವ್ಯಾಸ 2.8 ಮಿಲಿಮೀಟರ್ ಅಷ್ಟೆ; ನಿಜವಾದ ವೇಗ ನಿಮಿಷಕ್ಕೆ 56 ಮೀಟರಿಗೆ ಇಳಿಯುತ್ತದೆ. ಅದೇ ಕಟ್ಟರನ್ನು 15 ಡಿಗ್ರಿ ವಾಲಿಸಿದರೆ ತಾಗುವ ವ್ಯಾಸ ಸುಮಾರು 5.2 ಮಿಲಿಮೀಟರ್ ಆಗಿ, ವೇಗ 104 ಮೀಟರಿಗೆ ಏರುತ್ತದೆ. ಯಂತ್ರವೂ ಅದೇ, ಕಟ್ಟರೂ ಅದೇ, ಓರೆಯೊಂದೇ ಬೇರೆ. ಯಾವ ಗುಡಿಗಾರನೂ ಉಳಿಯನ್ನು ಕೊರಡಿಗೆ ನೆಟ್ಟಗೆ ಹಿಡಿದು ತಳ್ಳುವುದಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಸಾಲುಗಳ ನಡುವಿನ ಅಂತರಕ್ಕೂ ಒಂದು ಲೆಕ್ಕವುಂಟು. ದುಂಡುಮೂತಿಯ ಉಳಿ ಉತ್ತ ನೇಗಿಲಿನಂತೆ ಸಾಲುಗಳ ನಡುವೆ ಸಣ್ಣ ದಿಂಡುಗಳನ್ನು ಬಿಡುತ್ತದೆ. 10 ಮಿಲಿಮೀಟರಿನ ಕಟ್ಟರಿಗೆ ಸಾಲಿನ ಅಂತರ 0.6 ಮಿಲಿಮೀಟರ್ ಇಟ್ಟರೆ ದಿಂಡಿನ ಎತ್ತರ 0.009 ಮಿಲಿಮೀಟರ್. ಅಂತರವನ್ನು ಅರ್ಧ ಮಾಡಿದರೆ ಎತ್ತರ ಕಾಲುಭಾಗಕ್ಕಿಳಿಯುತ್ತದೆ; ಆದರೆ ಹೊತ್ತು ಇಮ್ಮಡಿಯಾಗುತ್ತದೆ. ನೀರು ಹರಿಯುವ ಎಲೆಯ ಮೈಗೆ ಎಷ್ಟು ನುಣುಪು ಬೇಕೆಂದು ನಕ್ಷೆ ಹೇಳುತ್ತದೆ. ಅದಕ್ಕಿಂತ ಹೆಚ್ಚು ನುಣುಪು ಯಜಮಾನರ ವಿದ್ಯುಚ್ಛಕ್ತಿಯ ವ್ಯಯವೇ ಸರಿ.

ತೆಳುವಾದುದಕ್ಕೆ ಆಸರೆ

ವಿಗ್ರಹದ ಬೆರಳುಗಳನ್ನು ಕೆತ್ತುವವನು ಸುತ್ತಲಿನ ಮರವನ್ನೆಲ್ಲ ಮೊದಲೇ ತೆಗೆದುಹಾಕಿದರೆ ಬೆರಳು ಉಳಿದೀತೆ? ಇಂಪೆಲ್ಲರಿನ ತೆಳು ಎಲೆಯ ಮಾತೂ ಇದೇ. ಇಡೀ ಎಲೆಯನ್ನು ಬುಡದವರೆಗೆ ಒರಟಾಗಿ ಬಿಡಿಸಿ, ಆಮೇಲೆ ತುದಿಯಿಂದ ನುಣುಪು ಮಾಡಲು ಹೊರಟರೆ ಎಲೆ ಗಾಳಿಗೆ ಸಿಕ್ಕ ಬಾಳೆಲೆಯಂತೆ ಅದುರುತ್ತದೆ. ತುದಿಯ ಒಂದು ಪಟ್ಟಿಯನ್ನು ಬಿಡಿಸಿ, ಎರಡೂ ಬದಿಗಳನ್ನು ಒಂದಾದ ಮೇಲೊಂದು ಪೂರೈಸಿ, ಬಳಿಕ ಕೆಳಗಿನ ಪಟ್ಟಿಗೆ ಇಳಿಯಬೇಕು. ಆಗ ಕೆಳಗಿನ ದಪ್ಪ ಲೋಹವೇ ಮೇಲಿನ ತೆಳು ಎಲೆಗೆ ಆಸರೆಯಾಗಿ ನಿಂತಿರುತ್ತದೆ. ಪೂರೈಸಿದ ಪಟ್ಟಿಗೆ ಮತ್ತೆ ಹತ್ತಿ ಹೋಗುವ ದುರಾಶೆ ಬೇಡ.

ನೆತ್ತಿಯ ಮೇಲಿನ ತಬ್ಬಿಬ್ಬು

ತೊಟ್ಟಿಲಿನಂತೆ ವಾಲುವ ಮೇಜಿನ ಯಂತ್ರದಲ್ಲಿ ಒಂದು ವಿಚಿತ್ರ ಸ್ಥಾನವಿದೆ. ಕಟ್ಟರ್ ಮತ್ತು ತಿರುಗುವ ತಟ್ಟೆಯ ಅಕ್ಷ ಒಂದೇ ಗೆರೆಯಲ್ಲಿ ನಿಂತಾಗ ತಟ್ಟೆ ಎಷ್ಟು ತಿರುಗಿದರೂ ಓರೆ ಬದಲಾಗದು. ಆ ಗೆರೆಯ ಈಚೆಯಿಂದ ಆಚೆಗೆ ಕೂದಲೆಳೆಯಷ್ಟು ದಾಟಬೇಕಾದರೂ ತಟ್ಟೆ ಅರ್ಧ ಸುತ್ತು ಸುತ್ತಿಬಿಡುತ್ತದೆ. ಕಟ್ಟರ್ ಅದೇ ಸ್ಥಳದಲ್ಲಿ ನಿಂತು ಉಜ್ಜಿ, ಲೋಹದ ಮೇಲೆ ಕಲೆ ಮಾಡುತ್ತದೆ. ಪ್ರೋಗ್ರಾಮಿನಲ್ಲಿ ಸಿ ಅಕ್ಷದ ಅಂಕಿ ಎರಡು ಸಾಲುಗಳ ನಡುವೆ ಸುಮಾರು 180 ನೆಗೆದಿದ್ದರೆ ಅಲ್ಲಿ ಈ ತಬ್ಬಿಬ್ಬು ಅಡಗಿದೆಯೆಂದು ಶಂಕಿಸಬೇಕು. ಪರಿಹಾರ ಕಷ್ಟವಲ್ಲ: ಗಟ್ಟಿಯನ್ನು ಮೊದಲೇ ಕೆಲವು ಡಿಗ್ರಿ ವಾಲಿದ ಪೀಠದ ಮೇಲೆ ಕಟ್ಟಬಹುದು, ಇಲ್ಲವೆ ಕಟ್ಟರಿನ ಓರೆಯನ್ನು ಆ ಗೆರೆಯ ಮೇಲೆ ಹಾಯಿಸದೆ ಪಕ್ಕದಲ್ಲಿ ಬಳಸಿ ಒಯ್ಯಬಹುದು.

ತಿರುಗು ಅಕ್ಷಗಳು ಸೇರಿದಾಗ ವೇಗ ಹೇಳುವ ಬಗೆಯೂ ಬೇರೆಯಾಗಬಹುದು. ಕೆಲವು ಯಂತ್ರಗಳು ‘ಈ ತುಂಡು ದಾರಿಯನ್ನು ನಿಮಿಷದ ಎಷ್ಟನೆಯ ಪಾಲಿನಲ್ಲಿ ಮುಗಿಸು’ ಎಂಬ ಆಜ್ಞೆಯನ್ನು ಬಯಸುತ್ತವೆ. ಅದೇ ಜಿ 93. ನಿಮಿಷಕ್ಕೆ 500 ಮಿಲಿಮೀಟರಿನಂತೆ 10 ಮಿಲಿಮೀಟರ್ ಸಾಗಬೇಕಾದರೆ ಎಫ್ 50 ಎಂದು ಬರೆಯಬೇಕು. ಇದನ್ನು ಅರಿಯದೆ ಪ್ರತಿ ಸಾಲಿನಲ್ಲಿಯೂ ಬದಲಾಗುವ ಅಂಕಿಗಳನ್ನು ಕಂಡು, ತಪ್ಪೆಂದು ಭಾವಿಸಿ ತಿದ್ದಿದರೆ ಇಲ್ಲದ ಅನಾಹುತಕ್ಕೆ ದಾರಿಯಾದೀತು.

ನಡುವಿನ ದುಭಾಷಿ

ಗಣಕದಲ್ಲಿ ಗೀಚಿದ ದಾರಿ ನೇರವಾಗಿ ಯಂತ್ರಕ್ಕೆ ಅರ್ಥವಾಗದು. ಪೋಸ್ಟ್ ಪ್ರೊಸೆಸರ್ ಎಂಬ ದುಭಾಷಿಯು ಅದನ್ನು ಆಯಾ ಯಂತ್ರದ ಜಿ-ಕೋಡಿಗೆ ಅನುವಾದಿಸಬೇಕು. ತಿರುಗುವ ಕೇಂದ್ರದಿಂದ ಸ್ಪಿಂಡಲ್ಲಿನ ತುದಿಗೆ ಎಷ್ಟು ದೂರ, ಯಾವ ಅಕ್ಷ ಯಾವ ಕಡೆಗೆ ಧನ, ಯಾವ ಕೋನದವರೆಗೆ ವಾಲಬಹುದು ಎಂಬುದೆಲ್ಲ ಆ ದುಭಾಷಿಗೆ ತಿಳಿದಿರಬೇಕು. ಕಟ್ಟರಿನ ತುದಿಯನ್ನು ಯಂತ್ರವೇ ಹಿಂಬಾಲಿಸುವಂತೆ ಮಾಡುವ ಆಜ್ಞೆಗಳುಂಟು: ಫ್ಯಾನುಕ್‌ನಲ್ಲಿ ಜಿ 43.4, ಸೀಮೆನ್ಸ್‌ನಲ್ಲಿ ಟ್ರಾವೋರಿ, ಹೈಡನ್‌ಹೈನ್‌ನಲ್ಲಿ ಎಂ 128. ಇವು ಚಾಲನೆಯಲ್ಲಿದ್ದರೆ ಮೇಜು ತಿರುಗಿದಂತೆಲ್ಲ ಉಳಿದ ಅಕ್ಷಗಳು ತಾವೇ ಸರಿದು ತುದಿಯನ್ನು ದಾರಿಯ ಮೇಲೆ ನಿಲ್ಲಿಸುತ್ತವೆ. ಕಟ್ಟರ್ ಬದಲಾಗಿ ಉದ್ದ ಬೇರೆಯಾದರೂ ಪ್ರೋಗ್ರಾಮನ್ನು ಮತ್ತೆ ಬರೆಯಬೇಕಾಗಿಲ್ಲ. ಚಾಲನೆಯಲ್ಲಿವೆಯೆಂದು ನಂಬಿ, ಅವು ಇಲ್ಲದಿದ್ದರೆ ಮಾತ್ರ ಗಂಡಾಂತರ. ಆದುದರಿಂದ ಪ್ರೋಗ್ರಾಮಿನ ಮೊದಲ ಇಪ್ಪತ್ತು ಸಾಲುಗಳನ್ನು ಕಣ್ಣಿಟ್ಟು ಓದದೆ ಯಾರೂ ಗುಂಡಿಯೊತ್ತಬಾರದು.

ಇನ್ನೊಂದು ಕಟ್ಟಳೆಯನ್ನು ಗೋಡೆಯ ಮೇಲೆ ಬರೆದಿಡುವುದು ಮೇಲು: ತಿರುಗುವ ಮುನ್ನ ದೂರ ಸರಿ. ಅಪ್ಪಳಿಕೆಗಳು ಸಂಭವಿಸುವುದು ಕತ್ತರಿಸುವಾಗಲ್ಲ, ಒಂದು ಮುಖದಿಂದ ಇನ್ನೊಂದಕ್ಕೆ ಹೋಗುವಾಗಲೇ ಹೆಚ್ಚು. ಮೂಲೆಯುಳ್ಳ ಗಟ್ಟಿ ತಿರುಗಿದಾಗ ಅದರ ಮೂಲೆ ಎಷ್ಟೆತ್ತರಕ್ಕೆ ಏಳುತ್ತದೆಂದು ಕಣ್ಣಂದಾಜಿಗೆ ಬಿಡಬಾರದು.

ಒಣ ಓಟ

ಗಣಕದಲ್ಲಿ ಯಂತ್ರದ ಬಿಂಬವನ್ನು ಓಡಿಸಿ ನೋಡುವ ಸೌಕರ್ಯ ಇಂದು ಇದೆ. ಆದರೆ ಬಿಂಬದಲ್ಲಿ ಕಟ್ಟರ್ ಮಾತ್ರವಿದ್ದು ಹೋಲ್ಡರ್, ಪೀಠ, ಬಿಗಿಯುವ ಬೋಲ್ಟುಗಳು ಇಲ್ಲದಿದ್ದರೆ ಆ ಪರೀಕ್ಷೆ ಅರ್ಧ ಸುಳ್ಳು. ಬಳಿಕ ಯಂತ್ರದಲ್ಲಿ ಗಟ್ಟಿಯಿಲ್ಲದೆ ಒಮ್ಮೆ ಓಡಿಸಬೇಕು. ಗಟ್ಟಿಯಿದ್ದಾಗ ಗಾಳಿಯಲ್ಲಿ ಓಡಿಸುವವರು ಕೆಲಸದ ಸೊನ್ನೆಯನ್ನು ಮೇಲಕ್ಕೆತ್ತುವುದುಂಟು. ಮೇಜು ವಾಲಿದಾಗ ಆ ‘ಮೇಲೆ’ ಎಂಬುದು ಪಕ್ಕವಾಗಿಬಿಡುತ್ತದೆ. ಅದರ ಬದಲು ಕಟ್ಟರಿನ ಉದ್ದವನ್ನು ನಿಜಕ್ಕಿಂತ 50 ಮಿಲಿಮೀಟರ್ ಹೆಚ್ಚಾಗಿ ನಮೂದಿಸಿದರೆ, ಯಾವ ಓರೆಯಲ್ಲಿಯೂ ಕಟ್ಟರ್ ತನ್ನ ಗೆರೆಯಲ್ಲಿಯೇ ಅಷ್ಟು ಹಿಂದೆ ನಿಲ್ಲುತ್ತದೆ. ಪರೀಕ್ಷೆ ಮುಗಿದೊಡನೆ ಆ ಸುಳ್ಳು ಉದ್ದವನ್ನು ತಿದ್ದಬೇಕೆಂಬ ಚೀಟಿಯೊಂದು ಯಂತ್ರದ ಬಾಗಿಲಿಗೆ ಅಂಟಿರಲಿ.

ಇಷ್ಟೆಲ್ಲ ಓದಿದ ಮೇಲೆ ಕುಪ್ಪಗಡ್ಡೆಯ ತರುಣ ಮರುದಿನ ಯಂತ್ರದ ಮುಂದೆ ನಿಂತನೆನ್ನೋಣ. ಪಕ್ಕದಲ್ಲಿ ವಯಸ್ಸಾದ ಮೇಸ್ತ್ರಿ ನಿಂತಿದ್ದಾನೆ.

“ಎಲ್ಲ ಸರಿ ನೋಡಿದ್ದೀಯೇನೋ ತಮ್ಮಾ?”

“ನೋಡಿದೀನಿ ಅಣ್ಣಾ. ಆದರೂ ಕೈ ನಡುಗ್ತದೆ.”

“ನಡುಗಲಿ ಬಿಡು. ಕೈ ನಡುಗುವಷ್ಟು ದಿನ ಯಂತ್ರಕ್ಕೆ ಭಯವಿಲ್ಲ. ವೇಗದ ಗುಂಡಿಯನ್ನು ಕೆಳಗಿಳಿಸಿ, ಒಂದೊಂದೇ ಸಾಲು ಓಡಿಸು. ಬೆರಳು ನಿಲ್ಲಿಸುವ ಗುಂಡಿಯ ಮೇಲೆಯೇ ಇರಲಿ.”

ಮರ ಕೆತ್ತುವ ಸಿ.ಎನ್.ಸಿ. ಯಂತ್ರಗಳು ಬಂದ ಮೇಲೆ ಗುಡಿಗಾರನ ಉಳಿಗೆ ಕೆಲಸವೆಲ್ಲಿ ಎಂದು ಕೇಳುವವರಿದ್ದಾರೆ. ಆ ಆತಂಕ ಹುಸಿಯಲ್ಲ. ಒಂದೇ ಅಚ್ಚಿನ ನೂರು ಬಾಗಿಲುಪಟ್ಟಿಗಳನ್ನು ಯಂತ್ರ ಬೇಸರವಿಲ್ಲದೆ ಕೆತ್ತುತ್ತದೆ, ಅದರೊಡನೆ ಕೈ ಓಟಕ್ಕಿಳಿಯಲಾರದು. ಆದರೆ ಮರದ ಎಳೆ ಯಾವ ಕಡೆಗೆ ಓಡಿದೆ, ಎಲ್ಲಿ ಸೀಳೀತು, ಯಾವುದನ್ನು ಕಡೆಯವರೆಗೆ ಬಿಡಿಸದೆ ಉಳಿಸಬೇಕು ಎಂಬ ತಿಳಿವು ಯಂತ್ರದೊಳಗೆ ಹುಟ್ಟುವುದಿಲ್ಲ. ದಾರಿ ಬರೆಯುವವನು ಅದನ್ನು ಎಲ್ಲಿಂದಲೋ ತರಲೇಬೇಕು. ಹಬ್ಬಕ್ಕೆ ಊರಿಗೆ ಬಂದಾಗ ಆ ತರುಣ ಸೊರಬದ ಗುಡಿಗಾರರ ಜಗಲಿಯಲ್ಲಿ ಒಂದು ದಿನ ಕುಳಿತು, ಉಳಿ ಎಲ್ಲಿ ಓರೆಯಾಗುತ್ತದೆ, ಎಡಗೈ ಯಾವಾಗ ಕೊರಡನ್ನು ತಿರುಗಿಸುತ್ತದೆ, ಯಾವಾಗ ಬಿಗಿಹಿಡಿದು ನಿಲ್ಲುತ್ತದೆ ಎಂದು ಸುಮ್ಮನೆ ನೋಡಿದರೆ, ಪುಸ್ತಕದ ಎಷ್ಟೋ ಪುಟಗಳು ತಾವಾಗಿ ಅರ್ಥವಾದಾವು. ಹಾಗೆ ಕಲಿತದ್ದಕ್ಕೆ ಆ ಜಗಲಿಯವರಿಗೂ ಏನಾದರೂ ಸಲ್ಲುವಂತಾದರೆ ಯಂತ್ರಕ್ಕೂ ಉಳಿಗೂ ಹಗೆಯಿರಬೇಕಾಗಿಲ್ಲ.